ಗಡ್ಡೆಯೊಳಗೊಂದು ಪಂಚಾಂಗ

ಅಡುಗೆಮನೆಯ ಮೂಲೆಯ ಬುಟ್ಟಿಯಲ್ಲಿ ಮಣ್ಣಿಲ್ಲ, ನೀರಿಲ್ಲ. ಆದರೂ ವಾರಗಟ್ಟಲೆ ಸುಮ್ಮನೆ ಕುಳಿತಿದ್ದ ಈರುಳ್ಳಿ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ನೆತ್ತಿಯಿಂದ ಹಸಿರು ಕೊಂಬು ಹೊರಚಾಚಿರುತ್ತದೆ. ಇನ್ನು ಇದು ಸಾರಿಗೆ ಬಾರದೆಂದು ಮನೆಯವರು ಅದನ್ನು ಬದಿಗೆ ಸರಿಸುತ್ತಾರೆ. ವಿಜ್ಞಾನದ ವಿದ್ಯಾರ್ಥಿಗೆ ಕೆಲಸ ಆರಂಭವಾಗುವುದೇ ಅಲ್ಲಿಂದ. ಅನ್ನ ನೀರಿಲ್ಲದೆ ಅಷ್ಟು ದಿನ ಆ ಗಡ್ಡೆ ಬದುಕಿದ್ದು ಹೇಗೆ? ಈಗ ಏಳು ಎಂದು ಅದಕ್ಕೆ ಹೇಳಿದವರು ಯಾರು?

ಈ ಎರಡು ಪ್ರಶ್ನೆಗಳಿಗೆ ಉತ್ತರ ತಿಳಿದವರಿಗೆ ಚಳಿಗಾಲದ ಕೈತೋಟ ಸುಲಭ, ತಿಳಿಯದವರಿಗೆ ದುಬಾರಿ. ಟ್ಯುಲಿಪ್ ಹೂವಿನ ಬಣ್ಣದ ಚಿತ್ರಕ್ಕೆ ಮಾರುಹೋಗಿ, ಮಕ್ಕಳ ಒತ್ತಾಯಕ್ಕೆ ಹಣ ಕೊಟ್ಟು ಗಡ್ಡೆ ತರಿಸಿ, ಹೆಗ್ಗಡದೇವನಕೋಟೆಯಲ್ಲೋ ಹುಣಸೂರಿನಲ್ಲೋ ಕುಂಡದಲ್ಲಿ ನೆಟ್ಟರೆ ಸಾಮಾನ್ಯವಾಗಿ ಸಿಗುವುದು ನಾಲ್ಕು ಎಲೆ. ಇಲ್ಲವೇ ಕೊಳೆತ ಗಡ್ಡೆ. ತನ್ನ ಕೈಗುಣವೇ ಸರಿಯಿಲ್ಲವೆಂದು ಮಗು ಮುಖ ಸಪ್ಪಗೆ ಮಾಡುತ್ತದೆ. ತಪ್ಪು ಮಗುವಿನದಲ್ಲ, ಮಣ್ಣಿನದೂ ಅಲ್ಲ. ಆ ಗಡ್ಡೆಯೊಳಗಿರುವ ಪಂಚಾಂಗವೇ ಬೇರೆ ನಾಡಿನದು.

ಬುತ್ತಿ ಕಟ್ಟಿಕೊಂಡ ಮೊಗ್ಗು

ಒಂದು ಈರುಳ್ಳಿಯನ್ನು ಮೇಲಿನಿಂದ ಕೆಳಕ್ಕೆ ಸರಿಯಾಗಿ ಎರಡು ಹೋಳು ಮಾಡಿ ನೋಡಿ. ಬುಡದಲ್ಲಿ ಬಿಲ್ಲೆಯಂಥ ಗಟ್ಟಿ ಭಾಗವೊಂದು ಕಾಣುತ್ತದೆ. ನಿಜವಾದ ಕಾಂಡ ಅದೇ. ಅದರ ಮೇಲೆ ಒಂದನ್ನೊಂದು ಅಪ್ಪಿಕೊಂಡಿರುವ ರಸಭರಿತ ಪದರಗಳು ಎಲೆಗಳು. ಎಲೆಯ ಬುಡ ಆಹಾರ ತುಂಬಿಕೊಂಡು ದಪ್ಪಗಾಗಿದೆ. ನಟ್ಟನಡುವೆ, ಎಲ್ಲ ಪದರಗಳ ರಕ್ಷಣೆಯಲ್ಲಿ, ಪುಟ್ಟ ಮೊಗ್ಗು. ಹಾಗಾಗಿ ಲಶುನ ಗಡ್ಡೆಯೆಂದರೆ ಬುತ್ತಿ ಕಟ್ಟಿಕೊಂಡು ಪ್ರಯಾಣಕ್ಕೆ ಸಿದ್ಧವಾಗಿ ಕುಳಿತ ಮೊಗ್ಗು ಎನ್ನಬಹುದು. ಸುಗಂಧರಾಜ, ಟ್ಯುಲಿಪ್, ಮನೆಯಂಗಳದ ಕೆಂಪು ಲಿಲ್ಲಿ ಇವೆಲ್ಲ ಈ ಜಾತಿಯವು.

ನೆಲದೊಳಗಿನ ಎಲ್ಲ ಗಡ್ಡೆಯೂ ಹೀಗೇ ಇರುವುದಿಲ್ಲ. ಗ್ಲಾಡಿಯೋಲಸ್ ಗಡ್ಡೆಯನ್ನು ಸೀಳಿದರೆ ಪದರಗಳಿಲ್ಲ, ಇಡಿಯಾಗಿ ಗಟ್ಟಿ. ಅದು ಊದಿದ ಕಾಂಡ. ಡೇರೆ ಹೂವಿನದು ಆಹಾರ ತುಂಬಿದ ಬೇರು. ರಚನೆ ಮೂರು ಬಗೆಯಾದರೂ ಉದ್ದೇಶ ಒಂದೇ. ಬಾಳಲಾಗದ ಕಾಲವನ್ನು ನೆಲದಡಿ ಕಳೆದು, ಒಳ್ಳೆಯ ಕಾಲ ಬಂದೊಡನೆ ಇತರ ಗಿಡಗಳಿಗಿಂತ ಮೊದಲೇ ಮೇಲೇಳುವುದು. ಬೀಜ ಬಿತ್ತಿ ಬೆಳೆಯುವ ಗಿಡ ಮೊದಲು ಎಲೆ ಬಿಟ್ಟು, ಆಹಾರ ಗಳಿಸಿ, ಆಮೇಲೆ ಹೂಬಿಡಬೇಕು. ಗಡ್ಡೆಗಿಡಕ್ಕೆ ಹಿಂದಿನ ವರ್ಷದ ಗಳಿಕೆ ಕೈಯಲ್ಲಿದೆ. ಆದ್ದರಿಂದಲೇ ಹಲವು ಗಡ್ಡೆಗಳು ಎಲೆಗಿಂತ ಮೊದಲು ಹೂವನ್ನೇ ಕಳುಹಿಸುತ್ತವೆ.

ಚಳಿಯ ಎಣಿಕೆ

ಒಳ್ಳೆಯ ಕಾಲ ಬಂತೆಂದು ನೆಲದಡಿಯ ಗಡ್ಡೆಗೆ ತಿಳಿಯುವುದು ಹೇಗೆ? ಅದರ ತವರು ಯಾವುದೆಂಬುದರ ಮೇಲೆ ಉತ್ತರ ನಿಂತಿದೆ.

ಟ್ಯುಲಿಪ್‌ನ ಮೂಲ ಮಧ್ಯ ಏಷ್ಯಾದ ಬೆಟ್ಟಗಾಡು. ಅಲ್ಲಿ ಚಳಿಗಾಲವೆಂದರೆ ಹಿಮ. ನಡುವೆ ಎರಡು ದಿನ ಬಿಸಿಲು ಬಂತೆಂದು ಮೋಸಹೋಗಿ ಮೊಗ್ಗು ಹೊರಬಂದರೆ ಮರುದಿನದ ಹಿಮಕ್ಕೆ ಸುಟ್ಟುಹೋದೀತು. ಆದ್ದರಿಂದ ಅದು ಚಳಿಯನ್ನು ದಿನದಿನವೂ ಎಣಿಸುತ್ತದೆ. ಸುಮಾರು 2ರಿಂದ 9 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ 12ರಿಂದ 16 ವಾರ ಕಳೆದ ಮೇಲೆಯೇ ಚಳಿಗಾಲ ಮುಗಿಯಿತೆಂದು ನಂಬುತ್ತದೆ. ಹೂವಿನ ಎಳೆಯ ಮೊಗ್ಗು ಚಳಿಗೆ ಮೊದಲೇ ಗಡ್ಡೆಯೊಳಗೆ ರೂಪುಗೊಂಡಿರುತ್ತದೆ. ಚಳಿಯ ಅವಧಿಯಲ್ಲಿ ಕೂಡಿಟ್ಟ ಪಿಷ್ಟ ಸಕ್ಕರೆಯಾಗುತ್ತದೆ. ಜಿಬ್ಬರೆಲಿನ್ ಎಂಬ ಚೋದಕದ ನೆರವಿನಿಂದ ಹೂದಂಟು ನೀಳವಾಗಲು ಅಣಿಯಾಗುತ್ತದೆ. ಚಳಿ ಸಾಲದಾದರೆ ದಂಟು ಗಿಡ್ಡಾಗಿ, ಮೊಗ್ಗು ಒಳಗೇ ಒಣಗುತ್ತದೆ.

ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ದಸರೆಯ ಆಸುಪಾಸಿನಲ್ಲಿ ಸ್ನೋಡ್ರಾಪ್, ಕ್ರೋಕಸ್ ಗಡ್ಡೆಗಳನ್ನು ಮಣ್ಣಿನಲ್ಲಿ ಹೂತು ಮರೆತುಬಿಡಬಹುದು. ಜನವರಿ-ಫೆಬ್ರವರಿಯಲ್ಲಿ, ಮರಗಳಿನ್ನೂ ಬೋಳಾಗಿರುವಾಗಲೇ ಅವು ಅರಳುತ್ತವೆ. ಮರಗಳು ಚಿಗುರಿ ನೆರಳು ಕವಿಯುವುದರೊಳಗೆ ಹೂ ಬಿಟ್ಟು, ಬಿಸಿಲುಂಡು, ಮುಂದಿನ ವರ್ಷದ ಬುತ್ತಿ ಕಟ್ಟಿಕೊಳ್ಳಬೇಕೆಂಬ ಅವಸರ ಅವುಗಳದು. ನಮ್ಮ ದೇಶದಲ್ಲಿಯೇ ಶ್ರೀನಗರದಲ್ಲಿ ಟ್ಯುಲಿಪ್ ಉದ್ಯಾನವಿದೆ. ಕಾಶ್ಮೀರದ ಚಳಿಗಾಲ ಬಿಡಿಗಾಸಿಲ್ಲದೆ ಒದಗಿಸುವ ತಂಪನ್ನು ಬೇರೆಡೆ ಶೀತಲಗೃಹದಲ್ಲಿ ಹಣ ಕೊಟ್ಟು ಒದಗಿಸಬೇಕಾಗುತ್ತದೆ.

ಈಗ ನಮ್ಮ ಸೀಮೆಗೆ ಬನ್ನಿ. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರಗಳಲ್ಲಿ ಜನವರಿಯ ಬೆಳಗಿನ ಜಾವ ಉಷ್ಣಾಂಶ ಸಾಮಾನ್ಯವಾಗಿ 15-16 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಮಧ್ಯಾಹ್ನಕ್ಕೆ ಮತ್ತೆ 27-28ಕ್ಕೆ ಏರುತ್ತದೆ. ನಮಗೆ ಕಂಬಳಿ ಹೊದೆಯುವ ಚಳಿಯಾದರೂ ಟ್ಯುಲಿಪ್‌ನ ಲೆಕ್ಕದಲ್ಲಿ ಒಂದು ದಿನವೂ ಜಮೆಯಾಗುವುದಿಲ್ಲ.

ನಮ್ಮ ನೆಲದ ಲೆಕ್ಕ ಮಳೆಯದು

ಹಾಗಾದರೆ ನಮ್ಮ ನೆಲದಲ್ಲಿ ಮೊದಲು ಅರಳುವ ಗಡ್ಡೆಗಳೇ ಇಲ್ಲವೇ? ಇವೆ. ಇಲ್ಲಿ ಗಿಡ ಹೆದರಬೇಕಾದದ್ದು ಹಿಮಕ್ಕಲ್ಲ, ಬರಕ್ಕೆ. ಹಾಗಾಗಿ ನಮ್ಮ ಗಡ್ಡೆಗಳ ಪಂಚಾಂಗದಲ್ಲಿ ಬರೆದಿರುವುದು ಒಣಹವೆ ಮತ್ತು ಮಳೆ.

ಕಲ್ಲು ಬೋರೆಗಳಲ್ಲಿ, ಕುರುಚಲು ಕಾಡಿನ ಅಂಚಿನಲ್ಲಿ ಬೆಳೆಯುವ ಕಾಡು ಈರುಳ್ಳಿಯನ್ನೇ ನೋಡಿ. ಮಾರ್ಚ್-ಏಪ್ರಿಲ್‌ನ ಬಿಸಿಲಿಗೆ ಹುಲ್ಲೆಲ್ಲ ಒಣಗಿ ನಿಂತಿರುವಾಗ ಎಲೆಯೊಂದೂ ಇಲ್ಲದ ನೆಲದಿಂದ ಅದರ ನೀಳ ಹೂದಂಟು ಏಳುತ್ತದೆ. ಹೂ ಮುಗಿದು, ಕಾಯೊಡೆದು ಬೀಜ ಉದುರುವ ವೇಳೆಗೆ ಮುಂಗಾರು ಹತ್ತಿರವಾಗಿರುತ್ತದೆ. ಎಲೆ ಬರುವುದು ಆಮೇಲೆ. ಸ್ನೋಡ್ರಾಪ್ ಮರದ ನೆರಳಿಗಿಂತ ಮುಂಚೆ ಓಡಿದರೆ, ಕಾಡು ಈರುಳ್ಳಿ ಮಳೆಗಿಂತ ಮುಂಚೆ ಓಡುತ್ತದೆ. ಜಾಣತನ ಒಂದೇ, ಗುರುತು ಬೇರೆ.

ಅಶ್ವಿನಿ, ಭರಣಿ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಶಾಲೆ, ದೇವಸ್ಥಾನಗಳ ಅಂಗಳದಲ್ಲಿ ಸಾಲಾಗಿ ಅರಳುವ ಗುಲಾಬಿ ಬಣ್ಣದ ಮಳೆ ಲಿಲ್ಲಿಯನ್ನು ಕಾಣದವರಿಲ್ಲ. ಅದರ ತವರು ಅಮೆರಿಕ ಖಂಡದ ಬೆಚ್ಚನೆಯ ನಾಡು. ಕೆಂಪು ಚೆಂಡಿನಂತೆ ಅರಳುವ ಮೇ ಹೂವಿನದು ಆಫ್ರಿಕ. ಹೊರನಾಡಿನವಾದರೂ ಅವು ಇಲ್ಲಿ ಒಗ್ಗಿದ್ದೇಕೆ? ಅವುಗಳ ತವರಿನಲ್ಲೂ ಒಣಗಾಲದ ಬೆನ್ನಿಗೆ ಮಳೆಗಾಲ ಬರುತ್ತದೆ. ಪಂಚಾಂಗ ಹೊಂದಿಕೊಂಡಿತು, ಗಿಡ ಉಳಿಯಿತು.

ಚಳಿಗಾಲಕ್ಕೆ ಯಾವುದು?

ಈ ತತ್ವ ಹಿಡಿದು ಹೊರಟರೆ ಚಳಿಗಾಲದ ಕೈತೋಟಕ್ಕೆ ಗಡ್ಡೆಗಳನ್ನು ಆರಿಸುವುದು ಕಷ್ಟವಲ್ಲ.

ಮೊದಲನೆಯದು ಗ್ಲಾಡಿಯೋಲಸ್. ಅಗೆದು ತೆಗೆದ ಹೊಸ ಗಡ್ಡೆಗೆ ಸುಮಾರು ಮೂರು ತಿಂಗಳ ವಿಶ್ರಾಂತಿ ಬೇಕು. ಆದ್ದರಿಂದ ಕೊಳ್ಳುವಾಗ ಮೊಳಕೆಯ ಕಣ್ಣು ಉಬ್ಬಿದೆಯೇ ಎಂದು ನೋಡಿಕೊಳ್ಳಬೇಕು. ದಸರೆಯ ಹೊತ್ತಿಗೆ ಆರೇಳು ಸೆಂಟಿಮೀಟರ್ ಆಳದಲ್ಲಿ ನೆಟ್ಟರೆ ಎರಡೂವರೆಯಿಂದ ಮೂರು ತಿಂಗಳಲ್ಲಿ, ಅಂದರೆ ಸಂಕ್ರಾಂತಿಯ ಸುಮಾರಿಗೆ, ಹೂದಂಟು ಬರುತ್ತದೆ. ಹದಿನೈದು ದಿನಗಳ ಅಂತರದಲ್ಲಿ ಎರಡು ಮೂರು ಕಂತಿನಲ್ಲಿ ನೆಟ್ಟರೆ ಹೂವಿನ ಕಾಲ ಉದ್ದವಾಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 'ಮೀರಾ', 'ಪೂನಂ', 'ಸಪ್ನಾ' ಮೊದಲಾದ ತಳಿಗಳನ್ನು ರೂಪಿಸಿದೆ. ಹೂ ಮುಗಿದ ಮೇಲೆ ಅಗೆದು ನೋಡಿದರೆ ಹಳೆಯ ಗಡ್ಡೆ ಬತ್ತಿ, ಅದರ ನೆತ್ತಿಯ ಮೇಲೆ ಹೊಸದೊಂದು ಕುಳಿತಿರುವುದು ಮಕ್ಕಳಿಗೆ ಒಳ್ಳೆಯ ಪಾಠ.

ಡೇರೆ ಹೂ ಕೊಡಗು, ಮಲೆನಾಡಿನ ಹೆಂಗಳೆಯರ ಅಚ್ಚುಮೆಚ್ಚು. ಬಯಲುಸೀಮೆಯ ಕಡೆ ಇದಕ್ಕೆ ಚಳಿಗಾಲವೇ ಹಿತ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ನೆಡಬಹುದು. ಬರಿಯ ಗಡ್ಡೆ ಎಷ್ಟೇ ದಪ್ಪಗಿದ್ದರೂ ಮೊಳೆಯದು. ಹಳೆಯ ಕಾಂಡದ ಬುಡದ ಚೂರು ಕಣ್ಣಿನ ಸಮೇತ ಅದಕ್ಕೆ ಅಂಟಿಕೊಂಡಿರಲೇಬೇಕು.

ಮೂರನೆಯದು ಎಷ್ಟೋ ಮನೆಗಳಲ್ಲಿ ಈಗಾಗಲೇ ಇರುವ ಕೆಂಪು ಲಿಲ್ಲಿ, ಹಿಪಿಯಾಸ್ಟ್ರಮ್. ಇದು ನಾಲ್ಕು ಎಲೆಗೊಂದರಂತೆ ಹೂಮೊಗ್ಗನ್ನು ಗಡ್ಡೆಯೊಳಗೆ ಕಟ್ಟುತ್ತದೆ; ಆ ಮೊಗ್ಗು ಬಲಿಯಲು ತಿಂಗಳುಗಳೇ ಬೇಕು. ಮಳೆಗಾಲದಲ್ಲಿ ಎಲೆ ಚೆನ್ನಾಗಿ ಬೆಳೆಯಲು ಬಿಟ್ಟವರಿಗೆ ಮಾತ್ರ ಬೇಸಿಗೆಯಲ್ಲಿ ಹೂವೆಂಬುದರ ಗುಟ್ಟು ಇಷ್ಟೇ. ಡಿಸೆಂಬರ್ ಆರಂಭದಿಂದ ಆರೆಂಟು ವಾರ ನೀರು ನಿಲ್ಲಿಸಿ, ಮತ್ತೆ ಧಾರಾಳವಾಗಿ ಕೊಟ್ಟರೆ ಗಡ್ಡೆ ಅದನ್ನು ಮೊದಲ ಮಳೆಯೆಂದೇ ತಿಳಿಯುತ್ತದೆ. ಯುಗಾದಿಯ ಸುಮಾರಿಗೆ ಹೂವನ್ನು ಎದುರುನೋಡಬಹುದು. ನೆಡುವಾಗ ಗಡ್ಡೆಯ ಕುತ್ತಿಗೆ ಮಣ್ಣಿನ ಮೇಲಿರಬೇಕು.

ಸುಗಂಧರಾಜವಂತೂ ಮೈಸೂರು ಸೀಮೆಯ ಹೊಲಗಳಿಗೆ ಹಳೆಯ ನೆಂಟ. ಮೂಲ ಮೆಕ್ಸಿಕೋ. ಚಳಿಯಲ್ಲಿ ಹೂ ಕಡಿಮೆಯಾದರೂ ಪೂರ್ತಿ ನಿಲ್ಲುವುದಿಲ್ಲ. ಒಂದು ಗಡ್ಡೆ ಹೂ ಕೊಡುವುದು ಒಮ್ಮೆ ಮಾತ್ರ. ಮುಂದಿನ ಹೂ ಅದರ ಮರಿಗಡ್ಡೆಗಳದು.

ಇವೆಲ್ಲಕ್ಕೂ ಬೇಕಾದ ಮಣ್ಣು ಒಂದೇ ತೆರನದು. ಕೆಂಪು ಮಣ್ಣಿಗೆ ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿದರಾಯಿತು. ಗಡ್ಡೆ ಹಸಿವಿನಿಂದ ಸಾಯುವುದು ಅಪರೂಪ, ನೀರು ನಿಂತು ಕೊಳೆಯುವುದೇ ಹೆಚ್ಚು. ಹೂ ಉದುರಿದೊಡನೆ ಹಸಿರೆಲೆ ಕತ್ತರಿಸುವ ಚಾಳಿಯನ್ನೂ ಬಿಡಬೇಕು. ಮುಂದಿನ ವರ್ಷದ ಬುತ್ತಿ ಸಿದ್ಧವಾಗುವುದು ಆ ಎಲೆಗಳಲ್ಲಿ.

ಮಾಡಿ ನೋಡಿ

ಒಂದೇ ಅಳತೆಯ ಎರಡು ಕುಂಡಗಳಲ್ಲಿ ತಲಾ ಹತ್ತು ಮಳೆ ಲಿಲ್ಲಿ ಗಡ್ಡೆ ನೆಟ್ಟು, ಬೇರೂರುವವರೆಗೆ ಎರಡಕ್ಕೂ ಸಮನಾಗಿ ನೀರು ಕೊಡಿ. ಆಮೇಲೆ ಮೊದಲನೆಯದಕ್ಕೆ ಮಾಮೂಲಿನಂತೆ ನೀರು ಹಾಕುತ್ತಿರಿ. ಎರಡನೆಯದನ್ನು ಮಳೆ ತಾಗದಂತೆ ಒಂದು ತಿಂಗಳು ಒಣಗಲು ಬಿಟ್ಟು, ನಂತರ ಎರಡು ದಿನ ತುಂಬ ನೀರು ಕೊಡಿ. ಮುಂದಿನ ಎರಡು ವಾರ ಯಾವುದರಲ್ಲಿ ಎಷ್ಟು ಮೊಗ್ಗು ಬಂತೆಂದು ತಾರೀಖಿನ ಸಮೇತ ಬರೆದಿಡಿ. ಗಡ್ಡೆಯ ಅಳತೆ, ಮಣ್ಣು, ಬಿಸಿಲು ಎರಡಕ್ಕೂ ಸಮನಾಗಿರಲಿ. ಬದಲಾಗುವುದು ನೀರಿನ ಲೆಕ್ಕವೊಂದೇ. ಹತ್ತು ರೂಪಾಯಿಯ ನೋಟುಬುಕ್ಕಿನಲ್ಲಿ ನಡೆಯುವ ಈ ಪ್ರಯೋಗ ವಿಜ್ಞಾನ ಮೇಳದ ಥರ್ಮೊಕೋಲ್ ಮಾದರಿಗಳಿಗಿಂತ ಹೆಚ್ಚು ಕಲಿಸುತ್ತದೆ.

ಟ್ಯುಲಿಪ್ಪನ್ನೇ ನೋಡಬೇಕೆನ್ನುವವರು ಗಡ್ಡೆಗಳನ್ನು ಕಾಗದದ ಚೀಲದಲ್ಲಿ ಹಾಕಿ ಮೂರು ನಾಲ್ಕು ತಿಂಗಳು ಫ್ರಿಜ್ಜಿನ ಕೆಳ ಅರೆಯಲ್ಲಿ ಇಡಬಹುದು. ಜೊತೆಯಲ್ಲಿ ಸೇಬು, ಮಾಗಿದ ಹಣ್ಣು ಇರಕೂಡದು. ಅವು ಬಿಡುವ ಎಥಿಲೀನ್ ಅನಿಲ ಒಳಗಿನ ಹೂಮೊಗ್ಗನ್ನು ಕೊಲ್ಲುತ್ತದೆ. ಇಷ್ಟೆಲ್ಲ ಮಾಡಿ ಹೂ ಬಂದರೂ ನಮ್ಮ ಬಿಸಿಲಿನಲ್ಲಿ ಮರುವರ್ಷಕ್ಕೆ ಆ ಗಡ್ಡೆ ಉಳಿಯುವ ಆಸೆ ಬೇಡ.

ತಂದೆತಾಯಂದಿರಿಗೆ ಎರಡು ಮಾತು

ಈರುಳ್ಳಿಯಂತೆ ಕಾಣುವುದೆಲ್ಲ ಈರುಳ್ಳಿಯಲ್ಲ. ಮಳೆ ಲಿಲ್ಲಿ, ಕೆಂಪು ಲಿಲ್ಲಿ, ಮೇ ಹೂವಿನ ಗಡ್ಡೆಗಳಲ್ಲಿ ವಾಂತಿ ತರಿಸುವ ವಿಷವಿದೆ. ಕಾಡು ಈರುಳ್ಳಿಯಲ್ಲಿರುವುದು ಹೃದಯದ ಬಡಿತವನ್ನೇ ಏರುಪೇರು ಮಾಡುವ ವಸ್ತು. ಬೇಲಿಯ ಮೇಲೆ ಬೆಂಕಿಯ ನಾಲಗೆಯಂತೆ ಅರಳುವ ಅಗ್ನಿಶಿಖೆಯ ಗಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ಘೋರ ವಿಷವಿದೆ. ಗೆಣಸೆಂದು ತಿಳಿದು ತಿಂದವರು ಪ್ರಾಣ ಕಳೆದುಕೊಂಡಿದ್ದಾರೆ. ನೆಡುವ ಗಡ್ಡೆಗಳನ್ನು ಅಡುಗೆಮನೆಯಲ್ಲಿ ಇಡಬಾರದು, ಹೆಸರು ಬರೆಯದೆ ಇಡಬಾರದು, ಮುಟ್ಟಿದ ಮೇಲೆ ಕೈ ತೊಳೆಯದೆ ಇರಬಾರದು. ಯಾರಾದರೂ ತಿಂದರೆ ಮನೆಮದ್ದಿಗೆ ಕಾಯದೆ, ಆ ಗಿಡದ ತುಂಡಿನೊಂದಿಗೆ ಆಸ್ಪತ್ರೆಗೆ ಧಾವಿಸಬೇಕು.

ಇನ್ನೊಂದು ಮಾತು ಕಾಡಿನದು. ನಾಗರಹೊಳೆ, ಬಂಡೀಪುರಗಳ ಮಗ್ಗುಲಲ್ಲೇ ಇರುವ ನಮಗೆ ಕಾಡುಗಡ್ಡೆ ಕಿತ್ತು ತರುವ ಆಸೆ ಸಹಜ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ರಕ್ಷಿತ ಅರಣ್ಯದಿಂದ ಅನುಮತಿಯಿಲ್ಲದೆ ಗಿಡ ಕೀಳುವುದು ಅಪರಾಧ. ಕಾನೂನಿಗಿಂತ ದೊಡ್ಡ ಕಾರಣವೂ ಇದೆ. ಹೂ ಕಿತ್ತರೆ ಗಿಡ ಮರುವರ್ಷ ಮತ್ತೆ ಬಿಟ್ಟೀತು. ಗಡ್ಡೆ ಕಿತ್ತರೆ ಆ ಜಾಗದಲ್ಲಿ ಅದು ಮುಗಿದಂತೆ. ಅಲ್ಲಿ ಅರಳಿದ್ದನ್ನು ಅಲ್ಲಿಯೇ ನೋಡಿ, ತಾರೀಖು ಬರೆದುಕೊಂಡು ಬರುವುದೇ ಲೇಸು.

ಬರುವ ದಸರೆಯ ರಜೆಯಲ್ಲಿ ಮಗುವಿನ ಕೈಗೆ ನಾಲ್ಕು ಗ್ಲಾಡಿಯೋಲಸ್ ಗಡ್ಡೆ, ಒಂದು ಕುಂಡ, ಒಂದು ನೋಟುಬುಕ್ಕು ಕೊಟ್ಟು ನೋಡಿ. ನೆಟ್ಟ ದಿನ, ಮೊಳೆತ ದಿನ, ಮೊದಲ ಮೊಗ್ಗು ಬಿರಿದ ದಿನ ಮೂರನ್ನೂ ಅದೇ ಬರೆಯಲಿ. ಸಂಕ್ರಾಂತಿಯ ಎಳ್ಳು-ಬೆಲ್ಲದ ಹೊತ್ತಿಗೆ ಹೂ ಬಂದರೆ ಸಂತೋಷ. ಬರದಿದ್ದರೆ, ಏಕೆ ಬರಲಿಲ್ಲವೆಂದು ಹುಡುಕಲು ಮೂರು ತಿಂಗಳ ದಾಖಲೆ ಅದರ ಕೈಯಲ್ಲಿರುತ್ತದೆ.