ಸಭಾಪಾಲಕರ ತರಬೇತಿ: ಬಲ್ಮಠದಿಂದ ಮುಳಬಾಗಿಲಿನವರೆಗೆ

ಪ್ರೊಟೆಸ್ಟೆಂಟ್ ಸಭೆಯ ಪಾಸ್ಟರ್‌ಗೆ ಭಾನುವಾರದ ಪ್ರಸಂಗ ಕೆಲಸದ ಒಂದು ಪಾಲು ಮಾತ್ರ. ದೀಕ್ಷಾಸ್ನಾನ ಕೊಡುವುದು, ಮದುವೆ ನಡೆಸಿ ರಿಜಿಸ್ಟರಿನಲ್ಲಿ ಸಹಿ ಮಾಡಿಸುವುದು, ಆಸ್ಪತ್ರೆಯಲ್ಲಿರುವವರನ್ನು ಕಂಡು ಪ್ರಾರ್ಥಿಸುವುದು, ಸಾವಿನ ಮನೆಯಲ್ಲಿ ಸಂತೈಸುವುದು, ಅಣ್ಣತಮ್ಮಂದಿರ ಜಗಳ ಬಿಡಿಸುವುದು, ಕಾಣಿಕೆಯ ಲೆಕ್ಕ ಒಪ್ಪಿಸುವುದು ಎಲ್ಲವೂ ಅವರ ಹೆಗಲಿಗೇ ಬರುತ್ತವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಇದರ ಜೊತೆಗೆ ಭಾಷೆಯ ಹೊಣೆಯೂ ಇದೆ. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಮನೆಮಾತು ಬಹುಪಾಲು ತೆಲುಗು. ಮಾಲೂರಿನ ಗಡಿ ದಾಟಿದರೆ ತಮಿಳುನಾಡು. ಶಾಲೆ, ಕಚೇರಿಯ ಮಾತು ಕನ್ನಡ. ದೊಡ್ಡ ಕೂಟಗಳಲ್ಲಿ ಪ್ರಸಂಗಿ ಒಂದು ವಾಕ್ಯ ಹೇಳಿ ನಿಲ್ಲುತ್ತಾರೆ, ಪಕ್ಕದಲ್ಲಿ ನಿಂತವರು ಅದನ್ನೇ ಇನ್ನೊಂದು ಭಾಷೆಯಲ್ಲಿ ಹೇಳುತ್ತಾರೆ. ಹೀಗೆ ತುಂಡುತುಂಡಾಗಿ ಹೇಳುವಾಗಲೂ ಮಾತಿನ ಓಟ ಕೆಡದಂತೆ ನೋಡಿಕೊಳ್ಳುವುದಕ್ಕೆ ಒಳ್ಳೆಯ ಅಭ್ಯಾಸ ಬೇಕು.

ಕೋಲಾರದಲ್ಲಿ ಪ್ರೊಟೆಸ್ಟೆಂಟ್ ಸಭೆ ಬೇರೂರಿದ್ದು ಬರಗಾಲದ ಹಿನ್ನೆಲೆಯಲ್ಲಿ. 1876–78ರ ಧಾತು, ಈಶ್ವರ ಸಂವತ್ಸರಗಳ ಬರ ಮೈಸೂರು ಸೀಮೆಯನ್ನು ಹಿಂಡಿದಾಗ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಇಲ್ಲಿ ಅನಾಥ ಮಕ್ಕಳನ್ನು ಸಾಕಿದರು. ಅವರು ನಡೆಸುತ್ತಿದ್ದ ಮಿಷನ್ 1890ರ ಸುಮಾರಿಗೆ ಅಮೆರಿಕನ್ ಮೆಥೊಡಿಸ್ಟರ ಕೈಗೆ ಬಂತು. ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆಯೂ ಅವರ ಕಾಲದ್ದೇ. ಆ ದಿನಗಳಲ್ಲಿ ದೀಕ್ಷೆ ಪಡೆದ ಪಾದ್ರಿಗಳು ಬೆರಳೆಣಿಕೆಯವರು. ಹಳ್ಳಿಯ ಸಭೆಯನ್ನು ನಿಜವಾಗಿ ನಡೆಸಿದವರು ಉಪದೇಶಿಗಳು. ಅಕ್ಷರ ಕಲಿಸುವವರೂ ಅವರೇ, ಸಂಜೆಯ ಪ್ರಾರ್ಥನೆ ನಡೆಸುವವರೂ ಅವರೇ. ಕರ್ನಾಟಕದ ಸಭೆಗಳ ಚರಿತ್ರೆಯಲ್ಲಿ ಮಿಷನರಿಗಳ ಹೆಸರಿಗೆ ಸಿಕ್ಕ ಜಾಗ ಈ ಉಪದೇಶಿಗಳಿಗೆ ಸಿಕ್ಕಿಲ್ಲ. ಅದು ದೊಡ್ಡ ಕೊರತೆ.

ಕನ್ನಡ ನಾಡಿನಲ್ಲಿ ಸಭಾಪಾಲಕರ ಕ್ರಮಬದ್ಧ ಶಿಕ್ಷಣಕ್ಕೆ ತಳಪಾಯ ಬಿದ್ದದ್ದು ಮಂಗಳೂರಿನಲ್ಲಿ. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಷನ್ 1847ರಲ್ಲಿ ಸೆಮಿನರಿ ತೆರೆಯಿತು. ಹಳೆಯ ಮೈಸೂರಿನ ಕಡೆಯವರಿಗಾಗಿ ಮುಂದೆ ತುಮಕೂರಿನಲ್ಲಿ ಯೂನಿಯನ್ ಕ್ಯಾನರೀಸ್ ಸೆಮಿನರಿ ನಡೆಯಿತು. 1965ರಲ್ಲಿ ಇವೆರಡೂ ಕೂಡಿ ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಆಯಿತು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರದ್ದು. ಅಲ್ಲಿ ಪಾಠ ಇಂಗ್ಲಿಷಿನಲ್ಲಿ. ಎರಡೂ ಸೆರಾಂಪುರ ಕಾಲೇಜಿನ ಸೆನೆಟ್‌ಗೆ ಸೇರಿವೆ. 1818ರಲ್ಲಿ ವಿಲಿಯಂ ಕೇರಿ ಮತ್ತು ಸಂಗಡಿಗರು ಕಟ್ಟಿದ ಆ ಕಾಲೇಜಿಗೆ ಪದವಿ ಕೊಡುವ ಅಧಿಕಾರ ಬಂದದ್ದು 1827ರ ಡೆನ್ಮಾರ್ಕ್ ರಾಜನ ಸನ್ನದಿನಿಂದ. ಕಥೊಲಿಕ ಗುರುಗಳ ದಾರಿ ಬೇರೆ. ಅವರು ಮಲ್ಲೇಶ್ವರದ ಸಂತ ಪೇತ್ರರ ಸೆಮಿನರಿಯಂಥ ಕಡೆ ತತ್ತ್ವಶಾಸ್ತ್ರ, ದೇವಶಾಸ್ತ್ರಗಳನ್ನು ವರ್ಷಗಟ್ಟಲೆ ಓದಿ ದೀಕ್ಷೆ ಪಡೆಯುತ್ತಾರೆ.

ಕೋಲಾರ ಜಿಲ್ಲೆಯ ಒಳಗೇ, ಬಂಗಾರಪೇಟೆಯಲ್ಲಿ, ಸೌತ್ ಇಂಡಿಯಾ ಬಿಬ್ಲಿಕಲ್ ಸೆಮಿನರಿ ಇದೆ. 1937ರಲ್ಲಿ ವರ್ಲ್ಡ್ ಗಾಸ್ಪೆಲ್ ಮಿಷನ್ ಕಟ್ಟಿದ ಈ ಸಂಸ್ಥೆ ಒಂದೇ ಪಂಗಡಕ್ಕೆ ಮೀಸಲಲ್ಲ.

ಸೆಮಿನರಿಯ ಪಾಠಗಳಲ್ಲಿ ಸತ್ಯವೇದದ ಅಧ್ಯಯನ, ಹೀಬ್ರೂ ಮತ್ತು ಗ್ರೀಕ್ ಭಾಷೆಗಳ ಪರಿಚಯ, ಸಭೆಯ ಚರಿತ್ರೆ, ನೀತಿಶಾಸ್ತ್ರ, ಭಾರತದ ಇತರ ಧರ್ಮಗಳು, ಆಪ್ತ ಸಮಾಲೋಚನೆ ಸೇರಿರುತ್ತವೆ. ವಾರದ ಕೊನೆಗೆ ಹತ್ತಿರದ ಸಭೆಗಳಲ್ಲಿ ಕೆಲಸ. ಎಲ್ಲಕ್ಕಿಂತ ಹೆಚ್ಚು ತಿದ್ದುವುದು ಪ್ರಸಂಗದ ತರಗತಿ. ವಿದ್ಯಾರ್ಥಿ ಕೊಟ್ಟ ವಾಕ್ಯಭಾಗವನ್ನು ಓದಿ, ಅದು ಯಾರಿಗೆ, ಯಾವ ಸಂದರ್ಭದಲ್ಲಿ ಬರೆದದ್ದು ಎಂದು ಹುಡುಕಿ, ಟಿಪ್ಪಣಿ ಮಾಡಿಕೊಂಡು ಸಹಪಾಠಿಗಳ ಎದುರು ನಿಲ್ಲುತ್ತಾನೆ. ಮುಗಿದ ಮೇಲೆ ಒಬ್ಬರು ಉದಾಹರಣೆ ವಿಷಯಕ್ಕೆ ಹೊಂದಲಿಲ್ಲ ಎನ್ನುತ್ತಾರೆ, ಇನ್ನೊಬ್ಬರು ಧ್ವನಿ ಹಿಂದಿನ ಸಾಲಿಗೆ ಕೇಳಲಿಲ್ಲ ಎನ್ನುತ್ತಾರೆ. ವಾಕ್ಯದಲ್ಲಿ ಇಲ್ಲದ ಅರ್ಥವನ್ನು ಹೊರಗಿನಿಂದ ತಂದು ಹೇರಿದ್ದರೆ ಗುರುಗಳು ಅಲ್ಲೇ ಹಿಡಿಯುತ್ತಾರೆ. ದೀಕ್ಷೆಯಾದ ಮೇಲೆ ಹೀಗೆ ಎದುರಿಗೆ ಕೂತು ತಪ್ಪು ಹೇಳುವವರು ಸಿಗುವುದು ಅಪರೂಪ.

ಮನೆ, ಹೊಲ, ನೌಕರಿ ಬಿಟ್ಟು ಮೂರು–ನಾಲ್ಕು ವರ್ಷ ಹಾಸ್ಟೆಲಿನಲ್ಲಿರುವುದು ಎಲ್ಲರಿಗೂ ಆಗದು. ಇದಕ್ಕೆ ಉತ್ತರವಾಗಿ 1960ರ ದಶಕದಲ್ಲಿ ಗ್ವಾಟೆಮಾಲಾ ದೇಶದಲ್ಲಿ ಹುಟ್ಟಿದ ವಿಸ್ತರಣಾ ಶಿಕ್ಷಣದ ಪದ್ಧತಿಯನ್ನು ಭಾರತದಲ್ಲಿ ಬೆಂಗಳೂರಿನ ಟಾಫ್ಟೀ ಸಂಸ್ಥೆ 1971ರಿಂದ ನಡೆಸುತ್ತಿದೆ. ಕಲಿಯುವವರು ಇದ್ದಲ್ಲೇ ಇದ್ದು ಪಾಠದ ಪುಸ್ತಕ ಓದಿ, ಅದರಲ್ಲೇ ಉತ್ತರ ಬರೆದು, ವಾರಕ್ಕೊಮ್ಮೆ ಗುಂಪಾಗಿ ಕೂತು ಮಾರ್ಗದರ್ಶಕರೊಡನೆ ಚರ್ಚಿಸುತ್ತಾರೆ. ಹಾಲು ಕರೆದು ಡೇರಿಗೆ ಹಾಕಿ ಬರುವ ಹಿರಿಯರಿಗೂ, ಶಾಲೆಯಲ್ಲಿ ಪಾಠ ಮಾಡುವ ಸಂಡೇ ಸ್ಕೂಲ್ ಶಿಕ್ಷಕಿಗೂ ಹೊಂದುವ ಕ್ರಮ ಇದು. ಕೋಲಾರದಂಥ ಜಿಲ್ಲೆಗೆ ಇದಕ್ಕಿಂತ ಸೂಕ್ತವಾದದ್ದಿಲ್ಲ.

ತರಬೇತಿ ಪದವಿಗೆ ಮುಗಿಯುವುದಿಲ್ಲ, ಆಮೇಲೂ ಆಸರೆ ಬೇಕು. ಮೆಥೊಡಿಸ್ಟ್ ಸಭೆಯಲ್ಲಾಗಲಿ ಚರ್ಚ್ ಆಫ್ ಸೌತ್ ಇಂಡಿಯಾದಲ್ಲಾಗಲಿ (ಸಿ.ಎಸ್.ಐ.) ಪಾಸ್ಟರ್‌ಗೆ ಮೇಲೆ ಬಿಷಪರಿದ್ದಾರೆ, ವರ್ಗಾವಣೆಯ ನಿಯಮವಿದೆ. ಮೆಥೊಡಿಸ್ಟರಲ್ಲಿ ಕಾನ್ಫರೆನ್ಸಿನ ಕೊನೆಗೆ ಬಿಷಪರು ಯಾರು ಯಾವ ಊರಿಗೆ ಎಂಬ ಪಟ್ಟಿಯನ್ನು ಓದುವ ಸಂಪ್ರದಾಯವೂ ಇದೆ. ಯಾವ ಪಂಗಡಕ್ಕೂ ಸೇರದೆ ಬಾಡಿಗೆ ಕೋಣೆಯಲ್ಲೋ ಶೀಟಿನ ಮನೆಯಲ್ಲೋ ಸಭೆ ನಡೆಸುವ ಪಾಸ್ಟರ್‌ಗೆ ಈ ಆಸರೆ ಇಲ್ಲ. ವಾರದ ದಿನಗಳಲ್ಲಿ ಕೂಲಿ, ವ್ಯಾಪಾರ, ಆಟೊ. ಪ್ರಸಂಗ ಸಿದ್ಧಪಡಿಸಲು ಉಳಿಯುವುದು ಶನಿವಾರದ ರಾತ್ರಿ.

ಕಾನೂನಿನ ತಿಳಿವಳಿಕೆಯೂ ಇಂಥ ಪಾಸ್ಟರ್‌ಗಳಿಗೆ ತುರ್ತಾಗಿ ಬೇಕು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಮದುವೆ ನಡೆಸುವ ಅಧಿಕಾರ ಎಲ್ಲ ಪಾಸ್ಟರ್‌ಗಳಿಗೂ ತಾನಾಗಿ ಬರುವುದಿಲ್ಲ. ಕಾಯ್ದೆ ಮಾನ್ಯ ಮಾಡಿದ ಸಭೆಯ ದೀಕ್ಷೆಯಾಗಲಿ, ಸರ್ಕಾರದ ಲೈಸೆನ್ಸ್ ಆಗಲಿ ಇರಬೇಕು. ಅಧಿಕಾರವಿಲ್ಲದೆ ಮದುವೆ ನಡೆಸಿದರೆ 10 ವರ್ಷದವರೆಗೆ ಸೆರೆವಾಸ ವಿಧಿಸಬಹುದು. ರಿಜಿಸ್ಟರ್ ಸರಿಯಿಲ್ಲದಿದ್ದರೆ ಮುಂದೆ ಪಾಸ್‌ಪೋರ್ಟ್, ಪಿಂಚಣಿಯ ಹೊತ್ತಿಗೆ ಕಷ್ಟಪಡುವವರು ಆ ದಂಪತಿಗಳೇ.

ಹಲವೆಡೆ ಪಂಗಡದ ಗಡಿ ದಾಟಿದ ಪಾಸ್ಟರ್ಸ್ ಫೆಲೋಶಿಪ್‌ಗಳು ಒಂಟಿಯಾಗಿ ದುಡಿಯುವವರನ್ನು ಒಟ್ಟಿಗೆ ತರುತ್ತವೆ. ಪ್ರಾರ್ಥನೆ, ಒಂದು ಉಪದೇಶ, ಊಟ, ಕಷ್ಟಸುಖದ ಮಾತು ಇಷ್ಟೇ ನಡೆದರೂ ಬೆಲೆಯುಳ್ಳದ್ದು. ಅದಕ್ಕೆ ಒಂದು ಗಂಟೆಯ ಕ್ರಮಬದ್ಧ ಓದು, ವರ್ಷಕ್ಕೊಮ್ಮೆ ಲೆಕ್ಕಪತ್ರ ಮತ್ತು ಕಾಯ್ದೆಯ ಪಾಠ, ಪಾಸ್ಟರ್‌ಗಳ ಪತ್ನಿಯರಿಗೂ ಜಾಗ ಸೇರಿದರೆ ತಾಲ್ಲೂಕು ಕೇಂದ್ರದಲ್ಲೇ ಒಂದು ಶಾಲೆ ನಿಂತಂತೆ. ಪತ್ನಿಯರು ಸ್ತ್ರೀಯರ ಕೂಟ, ಸಂಡೇ ಸ್ಕೂಲ್, ಬಂದವರ ಊಟೋಪಚಾರ ಎಲ್ಲವನ್ನೂ ಸಂಬಳವಿಲ್ಲದೆ ನಡೆಸುತ್ತಾರೆ. ಅವರ ಕಲಿಕೆಗೆ ಯಾರೂ ಹಣ ಎತ್ತಿಡುವುದಿಲ್ಲ.

ಸಭೆಗಳು ಕಟ್ಟಡಕ್ಕೆ, ಸೌಂಡ್ ಸಿಸ್ಟಮ್‌ಗೆ ಕಾಣಿಕೆ ಎತ್ತುವಷ್ಟೇ ಉತ್ಸಾಹದಿಂದ ತಮ್ಮ ಸಭಾಪಾಲಕರ ಪುಸ್ತಕಕ್ಕೆ, ಆರೋಗ್ಯ ವಿಮೆಗೆ, ವಯಸ್ಸಾದ ಕಾಲಕ್ಕೆ ವರ್ಷದ ಬಜೆಟ್ಟಿನಲ್ಲಿ ಒಂದು ಬಾಬತ್ತು ಬರೆಯಬೇಕು. ಈ ವರ್ಷದ ಸಭಾಸಾಮಾನ್ಯ ಕೂಟದಲ್ಲೇ ಹಿರಿಯರು ಅದನ್ನು ಎತ್ತಲಿ.