ಕ್ಷಯಾಣುವಿಗೆ ಖೋಟಾ ಅಮೈನೋ ಆಮ್ಲ

ಬಹುಔಷಧ ನಿರೋಧಕ ಕ್ಷಯರೋಗಕ್ಕೆ ನೀಡಲಾಗುವ ದೀರ್ಘಾವಧಿ ಚಿಕಿತ್ಸೆಯಲ್ಲಿ ಸೈಕ್ಲೋಸೆರಿನ್ ಎಂಬ ಹಳೆಯ ಔಷಧಿಯೊಂದಿದೆ. 1955ರಲ್ಲಿ ಬೆಳಕಿಗೆ ಬಂದ ಇದು ಮೂಲತಃ ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಸೂಕ್ಷ್ಮಜೀವಿಗಳ ಸೃಷ್ಟಿ. ಅಮೈನೋ ಆಮ್ಲದ ವೇಷ ತೊಟ್ಟು ರೋಗಾಣುವನ್ನು ವಂಚಿಸುವುದೇ ಇದರ ಶಕ್ತಿ. ಇಂಥ ವಸ್ತುಗಳನ್ನು ವಿಜ್ಞಾನಿಗಳು ಅಮೈನೋ ಆಮ್ಲ ಸದೃಶಗಳೆಂದು ಕರೆಯುತ್ತಾರೆ.

ಬ್ಯಾಕ್ಟೀರಿಯಾದ ಕೋಶಭಿತ್ತಿಯ ಎಳೆಗಳನ್ನು ಹೆಣೆಯಲು ಡಿ-ಅಲನಿನ್ ಬೇಕು. ಪ್ರೋಟೀನುಗಳಲ್ಲಿರುವುದು ಎಲ್-ಅಲನಿನ್; ಎಡಗೈಗೆ ಬಲಗೈ ಇದ್ದಂತೆ, ಡಿ ರೂಪವು ಅದರ ಕನ್ನಡಿಬಿಂಬ. ರೇಸಿಮೇಸ್ ಎಂಬ ಕಿಣ್ವವು ಎಲ್ ರೂಪವನ್ನು ಡಿ ರೂಪಕ್ಕೆ ತಿರುಗಿಸುತ್ತದೆ. ಲೈಗೇಸ್ ಎಂಬ ಇನ್ನೊಂದು ಕಿಣ್ವವು ಎರಡು ಡಿ-ಅಲನಿನ್ ಅಣುಗಳನ್ನು ಜೋಡಿಸುತ್ತದೆ. ಉಂಗುರಾಕಾರದ ಸೈಕ್ಲೋಸೆರಿನ್ ಅಣುವಿನ ಮೈಕಟ್ಟು ಡಿ-ಅಲನಿನ್ನನ್ನೇ ಹೋಲುವುದರಿಂದ ಎರಡೂ ಕಿಣ್ವಗಳು ಮೋಸಹೋಗಿ ಅದನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ಅಲ್ಲಿಗೆ ಅವುಗಳ ಕೆಲಸ ನಿಂತಿತು. ಭಿತ್ತಿ ಅಪೂರ್ಣವಾಗಿ ಬೆಳವಣಿಗೆ ಕುಂಠಿತಗೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಅಸಲಿ ಡಿ-ಅಲನಿನ್ನನ್ನು ಹೇರಳವಾಗಿ ಬೆರೆಸಿದರೆ ಬ್ಯಾಕ್ಟೀರಿಯಾ ಚೇತರಿಸಿಕೊಳ್ಳುತ್ತದೆ. ಅಸಲಿ-ನಕಲಿಗಳ ನಡುವಿನ ಪೈಪೋಟಿಗೆ ಇದೇ ಸಾಕ್ಷಿ.

ಎಲ್ಲ ನಕಲಿಗಳೂ ಒಂದೇ ಬಗೆಯಲ್ಲಿ ವರ್ತಿಸುವುದಿಲ್ಲ. 1929ರಲ್ಲಿ ಜ್ಯಾಕ್ ಬೀನ್ ಎಂಬ ಅವರೆ ಜಾತಿಯ ಗಿಡದಲ್ಲಿ ಪತ್ತೆಯಾದ ಕ್ಯಾನವನಿನ್, ಅರ್ಜಿನಿನ್‌ನ ನಕಲಿ. ಅದು ಕಿಣ್ವವನ್ನು ತಡೆದು ನಿಲ್ಲಿಸುವುದಕ್ಕಿಂತ, ಪ್ರೋಟೀನು ತಯಾರಾಗುವಾಗಲೇ ಅರ್ಜಿನಿನ್ ಇರಬೇಕಾದೆಡೆ ನುಸುಳಿಬಿಡುತ್ತದೆ. ಹೀಗೆ ಹುಟ್ಟಿದ ಕಿಣ್ವಗಳು ಸರಿಯಾಗಿ ಮಡಚಿಕೊಳ್ಳದೆ ನಿಷ್ಪ್ರಯೋಜಕವಾಗುತ್ತವೆ. ಗಿಡಕ್ಕೆ ಇದು ಕೀಟಗಳ ವಿರುದ್ಧ ರಕ್ಷಾಕವಚ.

ಮಾನವ ಜೀವಕೋಶಗಳಿಗೆ ಭಿತ್ತಿಯೇ ಇಲ್ಲದಿರುವುದರಿಂದ ಸೈಕ್ಲೋಸೆರಿನ್ ನಮಗೆ ನಿರುಪದ್ರವಿ ಆಗಿರಬೇಕಿತ್ತು. ಆದರೆ ಅದು ಮಿದುಳಿನ ಎನ್‌ಎಂಡಿಎ ಗ್ರಾಹಕಗಳಲ್ಲಿ ಗ್ಲೈಸಿನ್ ಎಂಬ ಮತ್ತೊಂದು ಅಮೈನೋ ಆಮ್ಲದ ಜಾಗವನ್ನೂ ಆಕ್ರಮಿಸಬಲ್ಲದು. ಖಿನ್ನತೆ, ಗೊಂದಲ, ಭ್ರಮೆ, ಅಪಸ್ಮಾರ, ಕೆಲವರಲ್ಲಿ ಆತ್ಮಹತ್ಯೆಯ ಯೋಚನೆ ಇದರ ಪರಿಚಿತ ಅಡ್ಡಪರಿಣಾಮಗಳು. ಆದಕಾರಣವೇ ವೈದ್ಯರು ಜೊತೆಗೆ ಪಿರಿಡಾಕ್ಸಿನ್ (ಬಿ6 ಜೀವಸತ್ವ) ಕೊಡುತ್ತಾರೆ, ಮದ್ಯವನ್ನು ನಿಷೇಧಿಸುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿದ, ಭಾರತವು 2024ರಲ್ಲಿ ಅನುಮೋದಿಸಿದ 6 ತಿಂಗಳ ಹೊಸ ಚಿಕಿತ್ಸಾಕ್ರಮದಲ್ಲಿ ಸೈಕ್ಲೋಸೆರಿನ್ ಇಲ್ಲ. ಆದರೂ ಆ ಕ್ರಮ ಒಗ್ಗದ ರೋಗಿಗಳಿಗೆ ಇದರ ಅಗತ್ಯ ತಪ್ಪಿಲ್ಲ. ಮಾತ್ರೆ ಸೇವಿಸುತ್ತಿರುವವರ ಸ್ವಭಾವದಲ್ಲಿ ಏಕಾಏಕಿ ಬದಲಾವಣೆ ಕಂಡರೆ, ರೋಗದ ಬೇಸರವಿರಬೇಕೆಂದು ಮನೆಯವರು ಸುಮ್ಮನಿರಬಾರದು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಲೂಬಾರದು. ಅದೇ ದಿನ ವೈದ್ಯರಿಗೆ ತಿಳಿಸತಕ್ಕದ್ದು.