ಬಾರೆಗಿಡದ ಟಸರ್ ಪತಂಗ

ಹಿಪ್ಪುನೇರಳೆ ಸೊಪ್ಪನ್ನು ತಿಂದು ಮನೆಯೊಳಗೆ ಬೆಳೆಯುವ ರೇಷ್ಮೆಹುಳುವನ್ನು ಕನ್ನಡನಾಡಿನ ರೈತರು ಚೆನ್ನಾಗಿ ಬಲ್ಲರು. ಬಯಲಿನಲ್ಲಿ ಗಿಡದ ಮೇಲೆಯೇ ಹುಟ್ಟಿ ಗೂಡು ಕಟ್ಟುವ ಕಾಡುರೇಷ್ಮೆಯ ಹುಳುವನ್ನು ಗುರುತಿಸಬಲ್ಲವರು ವಿರಳ. ದಖನ್ನಿನ ಒಣಭೂಮಿಯಲ್ಲಿ ಬಾರೆಗಿಡವನ್ನು ಆಶ್ರಯಿಸುವ ಟಸರ್ ಹುಳು ಇಂಥವುಗಳಲ್ಲೊಂದು. ಹೊಳೆಮತ್ತಿ, ಕರಿಮತ್ತಿಗಳ ಎಲೆಯೂ ಇದಕ್ಕೆ ಆಹಾರ. ಮತ್ತಿಯ ಕಾಡಿಲ್ಲದ ಬಳಗಾನೂರು ಸೀಮೆಯ ಎರೆನೆಲದಲ್ಲಿ ಬದುಗಳ, ಹಳ್ಳದ ದಂಡೆಗಳ ಬಾರೆಯೇ ಇಂಥ ಹುಳುವಿಗೆ ಆಸರೆ.

ಪತಂಗದ ರೂಪ.— ಬಿಚ್ಚಿದ ರೆಕ್ಕೆಗಳ ಅಗಲ ಸುಮಾರು 6 ಅಂಗುಲ. ನಾಲ್ಕು ರೆಕ್ಕೆಗಳಲ್ಲಿಯೂ ಒಂದೊಂದು ಕಣ್ಣಿನಾಕಾರದ ಬೊಟ್ಟಿದ್ದು, ಅದರ ನಡುಭಾಗ ಗಾಜಿನಂತೆ ಪಾರದರ್ಶಕವಾಗಿರುವುದು. ದಕ್ಷಿಣ ಅಮೇರಿಕದ ರಾಥ್ಸ್‌ಚೈಲ್ಡಿಯ ಎಂಬ ರೇಷ್ಮೆಪತಂಗಗಳೂ ಇದೇ ಕುಟುಂಬಕ್ಕೆ ಸೇರಿದವು. ಅವುಗಳ ರೆಕ್ಕೆಗಳಲ್ಲಿಯೂ ಇಂಥ ಕಿಟಕಿಗಳುಂಟು. ಗಂಡಿನ ಮೀಸೆಗಳು ಗರಿಯಂತೆ ಅಗಲವಾಗಿದ್ದು, ಹೆಣ್ಣಿನ ವಾಸನೆಯನ್ನು ದೂರದಿಂದಲೇ ಹಿಡಿಯುವುವು. ಪತಂಗವು ಆಹಾರವನ್ನು ಸೇವಿಸುವುದಿಲ್ಲ. ಕೂಡಿ, ಮೊಟ್ಟೆಯಿಟ್ಟು, ಕೆಲವೇ ದಿನಗಳಲ್ಲಿ ಸಾಯುವುದು.

ಹುಳು ಮತ್ತು ಗೂಡು.— ಹೆಣ್ಣು ಸುಮಾರು 200 ಮೊಟ್ಟೆಗಳನ್ನಿಡುವುದು. ಎಂಟು ಹತ್ತು ದಿನಗಳಲ್ಲಿ ಹೊರಬರುವ ಹುಳು ನಾಲ್ಕು ಸಲ ಪೊರೆ ಕಳಚಿ, ಬೆರಳುಗಾತ್ರದ ಹಸುರು ಹುಳುವಾಗುವುದು. ಇರುವೆ, ಹಕ್ಕಿ, ಊಜಿ ನೊಣಗಳು ಇದರ ಶತ್ರುಗಳು. ಬೆಳೆದ ಹುಳು ಮೊದಲು ನೂಲಿನಿಂದ ಕಡ್ಡಿಗೆ ಉಂಗುರ ಹಾಕಿ, ಅದರಿಂದ ತೊಟ್ಟೊಂದನ್ನು ಇಳಿಸಿ, ತುದಿಯಲ್ಲಿ ಮೊಟ್ಟೆಯಾಕಾರದ ಗಟ್ಟಿ ಗೂಡನ್ನು ಕಟ್ಟುವುದು. ಎಲೆಯುದುರಿದರೂ ಗೂಡು ಬೀಳದು. ಚಳಿಗಾಲದ ಮೊದಲು ಕಟ್ಟಿದ ಗೂಡಿನಲ್ಲಿ ಕೋಶವು ಬೇಸಗೆಯನ್ನೆಲ್ಲ ನಿದ್ರೆಯಲ್ಲಿ ಕಳೆಯುವುದು. ಮುಂಗಾರಿನ ತೇವ ತಗುಲಿದೊಡನೆ ಪತಂಗವು ಒಂದು ದ್ರವದಿಂದ ಗೂಡಿನ ತುದಿಯನ್ನು ಮೆದುಮಾಡಿ ಹೊರಬರುವುದು.

ಉಪಯೋಗ.— 1834ರಲ್ಲಿ ಕರ್ನಲ್ ಸೈಕ್ಸ್ ದಖನ್ನಿನ ಈ ಹುಳುವಿನ ವೃತ್ತಾಂತವನ್ನು ಪ್ರಕಟಿಸಿದನು. ಗೂಡನ್ನು ಸುರುಳಿಯಾಗಿ ಕತ್ತರಿಸಿದ ಪಟ್ಟಿಯಿಂದ ಬಂದೂಕದ ನಳಿಗೆಯನ್ನು ಮರದ ಹಿಡಿಗೆ ಬಿಗಿಯುತ್ತಿದ್ದುದುಂಟು. ಅದು ಅಷ್ಟು ಗಟ್ಟಿ. ಝಾರ್ಖಂಡ, ಛತ್ತೀಸಗಢ, ಒಡಿಶಾಗಳಲ್ಲಿ ಇದನ್ನು ಮರಗಳ ಮೇಲೆ ಕಾದು ಬೆಳೆಸಿ ನೂಲು ತೆಗೆಯುವರು. ಬದುವಿನ ಬಾರೆಯಲ್ಲಿ ದೊರೆಯುವ ನಾಲ್ಕಾರು ಗೂಡುಗಳಿಂದ ರೈತನಿಗೆ ಆದಾಯವೇನೂ ಬಾರದು. ಆದರೆ ಜೋಳ, ಬತ್ತ, ಹತ್ತಿಗಳಿಗೆ ಇದರಿಂದ ಬಾಧೆಯೂ ಇಲ್ಲ. ಆದುದರಿಂದ ಕೀಟವೆಂದು ಕೊಲ್ಲುವುದು ವ್ಯರ್ಥ.

ಗಮನಿಸತಕ್ಕ ವಿಷಯ.— ಬೇಲಿಯ ಮುಳ್ಳಿಗಾಗಿಯೂ, ಹೊಸ ಚಿಗುರಿಗಾಗಿಯೂ ಬಾರೆಯನ್ನು ಕಡಿಯುವುದು ಬೇಸಗೆಯಲ್ಲಿ. ಮುಂದಿನ ಪೀಳಿಗೆಯೆಲ್ಲವೂ ಕೊಂಬೆಗಳಲ್ಲಿ ತೂಗುವುದೂ ಅದೇ ಕಾಲದಲ್ಲಿ. ಕಡಿದ ಕೊಂಬೆಯನ್ನು ಸುಟ್ಟರೆ ಅಲ್ಲಿಯ ವಂಶವೇ ಅಳಿಯುವುದು. ತುದಿಯಲ್ಲಿ ರಂಧ್ರವಿದ್ದ ಗೂಡು ಬರಿದು. ರಂಧ್ರವಿಲ್ಲದೆ ಕೈಗೆ ತೂಕವಾಗಿರುವುದು ಸಜೀವ. ಅದನ್ನು ಕಡ್ಡಿಯೊಡನೆ ಕತ್ತರಿಸಿ, ಕಡಿಯದೆ ಬಿಟ್ಟ ಬಾರೆಯ ನೆರಳಿನ ಕೊಂಬೆಗೆ ಕಟ್ಟತಕ್ಕದ್ದು. ಬತ್ತಕ್ಕೆ ಔಷಧಿ ಸಿಂಪಡಿಸುವಾಗ ಅದು ಬದುವಿನ ಗಿಡಕ್ಕೆ ತಾಗದಂತೆ ನೋಡಿಕೊಳ್ಳುವುದೂ ಅವಶ್ಯಕ.